ಮಾವನ ಗಂಟಲು

ಕಿವಿ ಎರಡನ್ನೂ ಬಿಟ್ಟುಕೊಂಡು ಕೇಳಿ. ಭುವನ್‌ನಂಥ ಮಿಮಿಕ್ರಿಗಾರ ಇಡೀ ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿಲ್ಲ. ಮಲೇಷ್ಯಾದಲ್ಲಂತೂ ಹುಟ್ಟುವ ಪ್ರಶ್ನೆಯೇ ಇಲ್ಲ. ನಿಮ್ಮ ಬೀದಿಯಲ್ಲೂ ಒಬ್ಬ ಇರುತ್ತಾನೆ, ಗೊತ್ತು. ಗಣಪತಿ ಪೆಂಡಾಲಿನಲ್ಲಿ ಮೈಕು ಹಿಡಿದು ನಾಲ್ಕು ಹೀರೋಗಳ ಧ್ವನಿ ತೆಗೆದು, ಶಾಲು ಹೊದಿಸಿಕೊಂಡು, ಫೋಟೋ ತೆಗೆಸಿಕೊಂಡು ಹೋಗುವವನು. ಅವನನ್ನು ಪಕ್ಕಕ್ಕೆ ಕೂರಿಸಿ. ನಮ್ಮ ಭುವನ್ ಸತ್ತವರೊಬ್ಬರನ್ನು ನೂರ ಅರವತ್ತೈದು ದಿನ ಮಾತಾಡಿಸಿದ. ಕೆಮ್ಮಿಸಿದ, ನಗಿಸಿದ, ಬೈಯಿಸಿದ. ಅದೂ ಯಾರ ಮುಂದೆ? ಸತ್ತವರ ಸ್ವಂತ ಮಗಳ ಮುಂದೆ. ಒಂದೇ ಒಂದು ದಿನ ಸಿಕ್ಕಿಬೀಳಲಿಲ್ಲ. ಕೊನೆಗೆ ಯಾರೂ ಕೇಳದೆಯೇ, ತಾನಾಗಿಯೇ, ಎದೆ ಸೆಟೆಸಿ ಮಲಾಕದ ನದಿಯ ಮೇಲೆ ನಿಜ ಹೇಳಿದ. ಗಂಡಸು ಅಂದರೆ ಹಾಗಿರಬೇಕು. ಶಿಳ್ಳೆ ಹೊಡೆಯುವವರು ಈಗಲೇ ಹೊಡೆದುಬಿಡಿ, ಆಮೇಲೆ ಮನಸ್ಸು ಬರಲಿಕ್ಕಿಲ್ಲ.

ಅದು ಇಪ್ಪತ್ತೊಂದನೇ ಇಸವಿಯ ಅಕ್ಟೋಬರ್ ಇಪ್ಪತ್ತಮೂರು, ಶನಿವಾರ. ಮಲೇಷ್ಯಾದಲ್ಲಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಲು ಪೊಲೀಸರ ಚೀಟಿ ಬೇಕೆಂಬ ಕಾನೂನು ತೆಗೆದು ಹನ್ನೆರಡು ದಿನವಾಗಿತ್ತು. ನಿಲಾಯ್ ಸ್ಟೇಷನ್ನಿನ ಬಾಗಿಲಲ್ಲಿ ಭುವನ್, ಅವನ ಹೆಂಡತಿ ಇಂಚರ ಇಬ್ಬರೂ ಫೋನು ಎತ್ತಿ, ಎರಡು ಡೋಸು ಹಾಕಿಸಿಕೊಂಡಿದ್ದೇವೆ ಎಂಬ ಹಸಿರು ಗುರುತು ತೋರಿಸಿ ಒಳಗೆ ಬಂದರು. ಭುವನ್‌ನ ಕೈಯಲ್ಲಿ ತಮಿಳು ಮುಸ್ಲಿಮರ ಮಾಮಾಕ್ ಅಂಗಡಿಯಿಂದ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡು ಬಂದ ಬಿಸಿ ರೊಟ್ಟಿ-ಸಾರಿನ ಪೊಟ್ಟಣ. ಮುಖಕ್ಕೆ ಎರಡೆರಡು ಮಾಸ್ಕ್.

"ಈ ಮಾಸ್ಕ್ ಇಲ್ದಿದ್ರೆ ನಿಲಾಯ್ ಹುಡ್ಗೀರೆಲ್ಲಾ ಆಟೋಗ್ರಾಫ್‌ಗೆ ಮುಗಿಬೀಳ್ತಿದ್ರು ಕಣೇ. ಸರ್ಕಾರ ನನ್ನಿಂದಾನೇ ಕಾನೂನ್ ಮಾಡಿರೋದು," ಎಂದ ಭುವನ್.

ಇಂಚರ ನಗಲಿಲ್ಲ. "ಪೊಟ್ಟಣ ನೆಟ್ಟಗೆ ಹಿಡ್ಕೋ. ಸಾರು ಸೋರ್ತಿದೆ," ಎಂದಳು.

ಜುಲೈ ತಿಂಗಳಿಂದ ಅವಳು ಹೀಗೆಯೇ. ಜುಲೈಗೆ ಬರೋಣ, ಅದಕ್ಕೂ ಮೊದಲು ಮೇ ತಿಂಗಳಿಗೆ ಹೋಗಬೇಕು.

ಇಂಚರಳ ತಂದೆ ನಂಜುಂಡಪ್ಪ. ಮಂಡ್ಯದ ಕಡೆ ನಾಲೆಯ ಮೇಲೆ ಮೂವತ್ತೊಂದು ವರ್ಷ ಸೌಡಿಯಾಗಿ ದುಡಿದವರು. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕೆಂದು ಕಾಯುವುದು, ರಾತ್ರೋರಾತ್ರಿ ತೂಬು ಒಡೆಯುವವರ ಅಪ್ಪ ಅಮ್ಮ ಅಜ್ಜಿಯನ್ನೆಲ್ಲ ನೆನೆದು ಬಯ್ಯುವುದು ಅವರ ಕೆಲಸ. ಬೈದು ಬೈದು ಅವರ ಗಂಟಲು ನೀರಿಲ್ಲದ ಬೋರ್‌ವೆಲ್ಲಿನಂತೆ ಗರಗರ ಎನ್ನುತ್ತಿತ್ತು. ಮಾತಿನ ಕೊನೆಗೊಂದು ಎಳೆತ, ಎಳೆತದ ಕೊನೆಗೊಂದು ಚಿಕ್ಕ ಕೆಮ್ಮು. ಹೆಂಡತಿ ತೀರಿಕೊಂಡ ಮೇಲೆ ಮಗಳೇ ಅವರ ಲೋಕ.

ಮದುವೆಯ ದಿನ ಆರ್ಕೆಸ್ಟ್ರಾದವರ ಮೈಕು ಕಿತ್ತುಕೊಂಡು ಭುವನ್ ಎಲ್ಲರ ಎದುರು ಮಾವನ ಧ್ವನಿಯನ್ನೇ ತೆಗೆದುಬಿಟ್ಟಿದ್ದ. "ಯಾವೋನ್ಲಾ ಅವ್ನು ನನ್ ತೂಬ್ ಮುಟ್ಟಿದೋನು!" ಊಟದ ಪಂಕ್ತಿಯಲ್ಲಿದ್ದವರು ಎಲೆ ಬಿಟ್ಟು ಎದ್ದು ಬಂದಿದ್ದರು. ನಂಜುಂಡಪ್ಪ ಕಣ್ಣಲ್ಲಿ ನೀರು ಬರುವಂತೆ ನಕ್ಕು, ಅಳಿಯನ ಬೆನ್ನಿಗೊಂದು ಗುದ್ದಿದ್ದರು. "ಬುಡಿ ಅಳಿಯಂದ್ರೇ. ನಾನ್ ಸತ್ ಮ್ಯಾಲೂ ನನ್ ಮಗ್ಳನ್ನ ಬಯ್ಯಾಕೊಂದ್ ಜನ ಆಯ್ತು."

ಆಗ ನಕ್ಕವರಲ್ಲಿ ಇಂಚರಳೂ ಇದ್ದಳು.

ಮೇ ಒಂಬತ್ತರ ಬೆಳಿಗ್ಗೆ ಅವಳ ಅಣ್ಣ ಜನಾರ್ದನ ಮಂಡ್ಯದಿಂದ ಭುವನ್‌ಗೆ ಫೋನು ಮಾಡಿದ. ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದ್ದ ಅಪ್ಪ ಬೆಳಗಿನ ಜಾವ ಹೋಗಿಬಿಟ್ಟರು. ಭುವನ್ ಅಡುಗೆಮನೆಯಲ್ಲಿದ್ದ. ಇಂಚರ ಒಳಗೆ ಮಲಗಿದ್ದಳು, ಹೊಟ್ಟೆಯಲ್ಲಿ ಮೂರು ತಿಂಗಳ ಮಗು. ಅವನು ಬಾಗಿಲ ಕಡೆ ಹೊರಟಿದ್ದ ಕೂಡ. ಅಷ್ಟರಲ್ಲಿ ಆ ಕಡೆಯಿಂದ ಸೋದರತ್ತೆ ಗಿರಿಜಮ್ಮ ಫೋನು ಕಸಿದುಕೊಂಡರು.

"ಇಲ್ ನೋಡಪ್ಪ, ಬಸ್ರಿ ಕಿವೀಗೆ ಸಾವಿನ್ ಸುದ್ದಿ ಬೀಳ್ಬಾರ್ದು. ಕೇಳುದ್ ಮ್ಯಾಲೆ ತಲೆ ಮ್ಯಾಲೆ ನೀರ್ ಉಯ್ಕಬೇಕು, ಮೂರ್ ದಿನ ಸೂತ್ಕ ಕೂರ್ಬೇಕು. ಅತ್ತೂ ಕರ್ದೂ ಒಟ್ಟೇಲಿರೋದ್ಕೆ ಏನಾರ ಆದ್ರೆ ಯಾರಪ್ಪ ಒಣೆ? ಎರಿಗೆ ಆಗೋಗ್ಲಿ. ಆಮ್ಯಾಕೆ ಯೋಳವಾ."

ಊರಿಗೆ ಊರೇ ಬಾಯಿ ಹೊಲಿದುಕೊಂಡಿತು. ಆದರೆ ಮೂರನೆಯ ದಿನ ಇಂಚರ ಹಟ ಹಿಡಿದಳು. "ಅಪ್ಪನ ಧ್ವನಿ ಕೇಳ್ಬೇಕು. ಒಂದೇ ಒಂದು ಮಾತು ಸಾಕು. ಇಲ್ಲಾಂದ್ರೆ ಊಟ ಮಾಡಲ್ಲ." ಎರಡು ಹೊತ್ತು ಉಪವಾಸ ಕೂತೇಬಿಟ್ಟಳು.

ಆಗ ಭುವನ್ ಬಟ್ಟೆ ಒಣಗಿಸುವ ಬಾಲ್ಕನಿಗೆ ಹೋಗಿ, ಒದ್ದೆ ಬೆಡ್‌ಶೀಟಿನ ಹಿಂದೆ ನಿಂತು, ಫೋನನ್ನು ತುಟಿಯ ಹತ್ತಿರ ಹಿಡಿದ. "ಮಗಾ... ಉಂಡ್ಯವ್ವಾ? ನಂಗೇನೂ ಆಗಿಲ್ಲ ಕಣವ್ವ... ಮನೇಗ್ ಕಳ್ಸವ್ರೆ... ಡಾಕ್ಟ್ರು ಮಾತಾಡ್ಬ್ಯಾಡ ಅಂದವ್ರೆ..." ಎಳೆತ, ಕೆಮ್ಮು. ಅದನ್ನು ಜನಾರ್ದನನಿಗೆ ಕಳಿಸಿದ. ಜನಾರ್ದನ ತನ್ನ ಫೋನಿನಲ್ಲಿ ಅದನ್ನು ಹಾಕಿ, ಅಪ್ಪನ ಫೋನಿನಲ್ಲಿ ಮತ್ತೆ ರೆಕಾರ್ಡು ಮಾಡಿ, ಅಪ್ಪನ ನಂಬರಿನಿಂದ ತಂಗಿಗೆ ಕಳಿಸಿದ. ಎರಡು ಫೋನು ದಾಟುವಷ್ಟರಲ್ಲಿ ಧ್ವನಿಗೆ ಮಂಡ್ಯದ ಮನೆಯ ಫ್ಯಾನಿನ ಕಟಕಟ, ಹಿತ್ತಲಿನ ಕಾಗೆ ಎಲ್ಲಾ ಸೇರಿಕೊಂಡಿದ್ದವು. ಕೋಟಿಗಟ್ಟಲೆ ಸುರಿದ ಸ್ಟುಡಿಯೋದಲ್ಲೂ ಅಂಥ ಡಬ್ಬಿಂಗ್ ಆಗುವುದಿಲ್ಲ ಬಿಡಿ.

ಇಂಚರ ಕೇಳಿದಳು. ಅತ್ತಳು. ಎದ್ದು ಎರಡು ಚಪಾತಿ ತಿಂದಳು.

ಅಲ್ಲಿಂದ ವಾರಕ್ಕೆ ಎರಡು ಮೂರು ಸಲ ನಂಜುಂಡಪ್ಪ ಮಾತಾಡಿದರು. ವಿಡಿಯೋ ಬೇಡ, ಮುಖ ಇಳಿದುಹೋಗಿದೆ, ನೀನು ನೋಡಿದರೆ ಹೆದರುತ್ತೀ ಎಂದರು. ಫೋನು ಮಾಡಬೇಡ, ದಮ್ಮು ಕಟ್ಟುತ್ತದೆ ಎಂದರು. ಭುವನ್ ಸೈಬರ್‌ಜಯಾದ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವವನು. ದಿನವಿಡೀ ಹೆಡ್‌ಫೋನು ಹಾಕಿಕೊಂಡು ಯಾರ್ಯಾರದೋ ಇಂಟರ್ನೆಟ್ ತೊಂದರೆ ಕೇಳುವುದು, ಬಿಡುವಿನಲ್ಲಿ ಮಾವನಾಗುವುದು.

ಜುಲೈ ಹದಿನೈದಕ್ಕೆ ಹೊಟ್ಟೆಯಲ್ಲಿದ್ದ ಐದು ತಿಂಗಳ ಮಗು ಹೋಯಿತು.

ಸೆರೆಂಬಾನಿನ ಆಸ್ಪತ್ರೆಯ ತುಂಬ ಕೋವಿಡ್ಡು. ಗಂಡಂದಿರನ್ನು ಒಳಗೆ ಬಿಡುತ್ತಿರಲಿಲ್ಲ. ಭುವನ್ ಇಪ್ಪತ್ತೆರಡು ಗಂಟೆ ಕಾರ್ ಪಾರ್ಕಿಂಗಿನಲ್ಲಿ ಕೂತಿದ್ದ. ಗಾಲಿಕುರ್ಚಿಯಲ್ಲಿ ಹೊರಗೆ ಬಂದ ಇಂಚರ ಅವನ ಮುಖ ನೋಡಿ ಆಡಿದ ಮೊದಲ ಮಾತು: "ಅಪ್ಪಂಗೆ ಹೇಳ್ಬೇಡ. ಈಗಷ್ಟೇ ಸುಧಾರಿಸ್ಕೊಂಡಿದ್ದಾರೆ. ತಡ್ಕೊಳಲ್ಲ ಅವ್ರು."

ಗಿರಿಜಮ್ಮನವರಿಗೆ ಫೋನಿನಲ್ಲಿ ವಿಷಯ ತಿಳಿಸಿದರೆ ಅವರು, "ಅಸೀ ಮೈ ಕಣಪ್ಪ. ಈಗ್ಲೂ ಬ್ಯಾಡ. ಮೂರ್ ತಿಂಗ್ಳು ಕಳೀಲಿ," ಎಂದರು.

ಹೀಗಾಗಿ ಆಗಸ್ಟಿನ ಒಂದು ಸಂಜೆ ಭುವನ್ ಬಾಲ್ಕನಿಯಲ್ಲಿ ನಿಂತು ಮಾವನ ಗಂಟಲಲ್ಲಿ ಕೇಳಬೇಕಾಯಿತು: "ಮಗಾ... ಕೂಸು ಒದೀತದಾ?" ಕೇಳದಿದ್ದರೆ ಆಗುತ್ತಿರಲಿಲ್ಲ. ಯಾವ ಅಪ್ಪ ಕೇಳದೆ ಇರುತ್ತಾನೆ? ಅರ್ಧ ಗಂಟೆಯ ಮೇಲೆ ಪಕ್ಕದ ಕೋಣೆಯಿಂದ ಹೆಂಡತಿಯ ಧ್ವನಿ ಕೇಳಿಸಿತು. ಅವಳು ಫೋನಿಗೆ ನಗುನಗುತ್ತಾ ಹೇಳುತ್ತಿದ್ದಳು: "ಒದೀತದಪ್ಪಾ, ರಾತ್ರಿಯೆಲ್ಲಾ ನಿದ್ದೇನೇ ಮಾಡೋಕೆ ಬಿಡಲ್ಲ. ನಿನ್ನಂಗೇ ರೌಡಿ."

ಭುವನ್ ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿದ.

ಈಗ ರೈಲಿಗೆ ಬರೋಣ. ಗಿರಿಜಮ್ಮನವರ ಮೂರು ತಿಂಗಳು ಮುಗಿದು ಒಂದು ವಾರವಾಗಿತ್ತು. "ನಾಳೆ ಹೇಳೇಬಿಡ್ತೀನಿ ಭಾವ," ಎಂದು ಭುವನ್ ಹಿಂದಿನ ದಿನವೇ ಜನಾರ್ದನನಿಗೆ ಮಾತು ಕೊಟ್ಟಿದ್ದ. ಮಲಾಕವನ್ನು ಆರಿಸಿದ್ದಕ್ಕೂ ಕಾರಣವಿತ್ತು. ಆ ಹಳೆಯ ಊರಿನ ನಡುವೆಯೇ ನದಿ ಕಟ್ಟಿದ ನಾಲೆಯ ಹಾಗೆ ಹರಿಯುತ್ತದೆ, ಎರಡೂ ಕಡೆ ಗೋಡೆ, ಗೋಡೆಗಂಟಿಕೊಂಡು ಮನೆಗಳು. ಹಿಂದಿನ ವರ್ಷ ಲಾಕ್‌ಡೌನಿಗೆ ಮುಂಚೆ ಯಾರೋ ಕಳಿಸಿದ ವಿಡಿಯೋದಲ್ಲಿ ಅದನ್ನು ನೋಡಿದ ನಂಜುಂಡಪ್ಪ ಹುಚ್ಚಾಗಿದ್ದರು. "ಊರೊಳಗೇ ನಾಲೆ! ಸಮುದ್ರದ್ ನೀರ್ ಒಳೀಕ್ ಬರ್ದಂಗೆ ಗೇಟ್ ಎಂಗ್ ಮಡಗವ್ರೆ ಅಂತ ನೋಡ್ಕಂಡ್ ಬಾ ಮಗ. ನಾನ್ ಬಂದಾಗ ನಂಗೂ ತೋರ್ಸು." ಬಂದಾಗ ಅಂದರೆ ಇಪ್ಪತ್ತನೇ ಇಸವಿಯ ಏಪ್ರಿಲ್. ಟಿಕೆಟ್ಟೂ ಆಗಿತ್ತು. ಲಾಕ್‌ಡೌನು ಬಂದು ವಿಮಾನಗಳೆಲ್ಲ ನಿಂತವು.

ಆ ಗೇಟಿನ ಹತ್ತಿರ ಹೇಳುವುದು ಎಂದು ಭುವನ್ ತೀರ್ಮಾನಿಸಿದ್ದ. ಡೈಲಾಗೂ ಬರೆದುಕೊಂಡು ಬಾಯಿಪಾಠ ಮಾಡಿದ್ದ.

ರೈಲು ಹೊರಟಿತು. ಒಂದು ಬಿಟ್ಟು ಒಂದು ಸೀಟಿನ ಮೇಲೆ 'ಕೂರಬೇಡಿ' ಎಂಬ ಚೀಟಿ. ನಡುವೆ ಖಾಲಿ ಸೀಟು ಬಿಟ್ಟು ಇಬ್ಬರೂ ಕೂತರು. ಕಿಟಕಿಯ ಹೊರಗೆ ತಾಳೆಯೆಣ್ಣೆ ತೋಟಗಳು, ಸಾಲು ಮುಗಿಯುವ ಲಕ್ಷಣವೇ ಇಲ್ಲ.

"ನಿಂಗೊಂದು ವಿಷಯ ಹೇಳ್ಬೇಕು," ಎಂದಳು ಇಂಚರ.

"ಸಸ್ಪೆನ್ಸ್ ಬೇಡ ತಾಯಿ, ನನ್ ಹಾರ್ಟು ಸಿಂಗಲ್ ಸ್ಕ್ರೀನ್ ಥಿಯೇಟರು. ಯಾವಾಗ ಬೇಕಾದ್ರೂ ಮುಚ್ಚಬಹುದು."

"ತಮಾಷೆ ಸಾಕು ಭುವಿ. ಊರಿಗೆ ಹೋಗಿ ಬರೋಕೆ ಇಲ್ಲಿನ ಸರ್ಕಾರದ ಪರ್ಮಿಷನ್ ಬಂತು. ಬೆಳಿಗ್ಗೆ ಮೇಲ್ ನೋಡ್ದೆ. ನವೆಂಬರ್ ಇಪ್ಪತ್ತಕ್ಕೆ ಟಿಕೆಟ್ ಮಾಡ್ತೀನಿ."

ಭುವನ್‌ನ ಬಾಯಲ್ಲಿ ಸದಾ ಸಿದ್ಧವಿರುತ್ತಿದ್ದ ಡೈಲಾಗುಗಳೆಲ್ಲ ಗೋಡೆ ಹತ್ತಿ ಓಡಿದವು. "ಸೂಪರ್ ಲಾ," ಎಂದ. ಅಷ್ಟೇ.

"ಖಾಲಿ ಹೊಟ್ಟೆ ಇಟ್ಕೊಂಡು ಅಪ್ಪನ ಎದುರಿಗೆ ಹೋಗಿ ನಿಂತ್ಕೊಳ್ಳೋಕೆ ಆಗಲ್ಲ. ಬಾಗಿಲಲ್ಲೇ ಹೊಟ್ಟೆ ನೋಡ್ತಾರೆ ಅವ್ರು." ಅವಳು ಮಾಸ್ಕನ್ನು ಮೂಗಿನ ಮೇಲೆ ಒತ್ತಿ ಹಿಡಿದಳು. "ಮೂರು ತಿಂಗಳಿಂದ ಸುಳ್ಳು ಹೇಳ್ತಿದೀನಿ. ಒದೀತದೆ ಅಂದೆ. ತಿರುಗ್ತದೆ ಅಂದೆ. ಥೂ. ಇವತ್ತು ಹೇಳ್ಬಿಡ್ತೀನಿ. ಆ ಗೇಟ್ ನೋಡೋಕ್ಮುಂಚೆ ಹೇಳ್ಬಿಡ್ತೀನಿ."

"ಇಂಚು, ಒಂದ್ ನಿಮಿಷ..."

"ತಡೀಬೇಡ. ತಡೆದ್ರೆ ನಂಗೆ ಮತ್ತೆ ಧೈರ್ಯ ಬರಲ್ಲ." ಅವಳು ಎದ್ದಳು. "ನಿನ್ನ ಮುಂದೆ ಆಗಲ್ಲ. ಆ ಕಡೆ ಹೋಗಿ ಮಾತಾಡ್ತೀನಿ."

ಆ ಕಡೆ ಎಂದರೆ ನಡುವಿನ ಹೆಂಗಸರ ಬೋಗಿ. ಬಾಗಿಲಿಗೆ ಗುಲಾಬಿ ಬಣ್ಣದ ಚೀಟಿ ಅಂಟಿಸಿರುತ್ತಾರೆ, ಗಂಡಸರು ಕಾಲಿಡುವಂತಿಲ್ಲ. ಇಂಚರ ದಾಟಿ ಹೋದಳು.

ಹೇಳಬೇಕಾಗಿದ್ದ ಗಳಿಗೆ ಅದೇ. ಬೋಗಿಯ ಬಾಗಿಲಲ್ಲಿ ನಿಂತು ಕೂಗಿದ್ದರೂ ಸಾಕಿತ್ತು. ಭುವನ್ ಎದ್ದೂ ನಿಂತ. ಮತ್ತೆ ಕೂತ. ರೈಲು ಸೆರೆಂಬಾನ್ ದಾಟುವಾಗ ಜನಾರ್ದನನಿಂದ ಮೆಸೇಜು ಬಂತು. "ಇಂಚು ಅಪ್ಪನ ಫೋನಿಗೆ ಕಳ್ಸವ್ಳೆ. ನಾಲ್ಕು ನಿಮಿಷ ಅದೆ. ನಂಗೆ ಪೂರ್ತಿ ಕೇಳಾಕಾಗ್ಲಿಲ್ಲ. ನೀನ್ ಹೇಳ್ಲಿಲ್ವಾ ಇನ್ನೂವೆ?"

ಪಕ್ಕದ ಬೋಗಿಯಲ್ಲಿ ಕೂತ ಹೆಂಡತಿ ಸತ್ತ ಅಪ್ಪನಿಗೆ ಹೇಳಿದ ಮಾತು ಮಂಡ್ಯಕ್ಕೆ ಹೋಗಿ, ಈ ಬೋಗಿಯಲ್ಲಿ ಕೂತ ಗಂಡನ ಕಿವಿಗೆ ಬಂತು.

"ಅಪ್ಪಾ, ಮೊದ್ಲು ಕೂತ್ಕೋ. ಕೂತ್ಯಾ? ಅಪ್ಪಾ... ಮಗು ಇಲ್ಲಪ್ಪ. ಜುಲೈನಲ್ಲೇ ಹೋಯ್ತು. ನಿಂಗೆ ಹುಷಾರಿರ್ಲಿಲ್ಲ ಅಂತ ಹೇಳ್ಲಿಲ್ಲ. ಗಂಡು ಮಗು ಅಪ್ಪ. ಬೆರಳೆಲ್ಲಾ ಆಗಿತ್ತು. ನಾನು ನೋಡ್ದೆ. ಭುವಿ ನೋಡ್ಲಿಲ್ಲ, ಅವನನ್ನ ಒಳಗೆ ಬಿಡ್ಲೇ ಇಲ್ಲ. ಅವ್ನು ನನ್ ಮುಂದೆ ಈಗ್ಲೂ ಜೋಕ್ ಹೊಡೀತಾನೆ. ಮೊದ್ಮೊದ್ಲು ಕೊಂದಾಕ್ಬೇಕು ಅನ್ನಿಸ್ತಿತ್ತು. ಆದ್ರೆ ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅಳ್ತಾನಪ್ಪ. ನಂಗೆ ಕೇಳ್ಸಲ್ಲ ಅನ್ಕೊಂಡಿದಾನೆ. ನಾನು ಹೊರಗಡೆ ಗೋಡೆಗೆ ಒರಗ್ಕೊಂಡು ಕೇಳಿಸ್ಕೋತೀನಿ. ಉಸಿರು ಒಳಗೆ ಎಳ್ಕೊಂಡು, ಮೂರು ಸಲ ಬಿಕ್ಕಿ, ಆಮೇಲೆ ಸಣ್ಣ ಮಕ್ಕಳ ಥರ ಕುಂಯ್ ಅಂತಾನೆ. ಅವನಿಗೆ ನಾನೇನೂ ಹೇಳೋಕಾಗಲ್ಲ. ನೀನು ಹೇಳಪ್ಪ. ನಂಗೂ ಹೇಳು. ಏನಾದ್ರೂ ಹೇಳು, ಬೈದ್ರೂ ಪರ್ವಾಗಿಲ್ಲ..."

ಭುವನ್ ಇಯರ್‌ಫೋನು ತೆಗೆದು ಕಿಟಕಿ ನೋಡಿದ. ಜನಾರ್ದನನ ಇನ್ನೊಂದು ಮೆಸೇಜು: "ಏನ್ ಮಾಡನ ಯೇಳು. ಅವ್ಳು ಕಾಯ್ತಾ ಕೂತವ್ಳೆ. ಆನ್‌ಲೈನೇ ತೋರುಸ್ತಾ ಅದೆ."

ಹೌದು, ಅವಳು ಕಾಯುತ್ತಿದ್ದಳು. ಭುವನ್ ಎದ್ದು ಬೋಗಿಯ ತುದಿಗೆ ಹೋದ. ಸೆನವಾಂಗ್ ಸ್ಟೇಷನ್ನಿನ ಘೋಷಣೆ ಮುಗಿಯುವವರೆಗೆ ಕಾದ. ಬಾಗಿಲು ಮುಚ್ಚಿದ ಮೇಲೆ ಬೋಗಿಗೆ ಬೆನ್ನು ಹಾಕಿ ಮಾಸ್ಕ್ ಇಳಿಸಿ, ಫೋನನ್ನು ಶರ್ಟಿನೊಳಗೆ ಹಿಡಿದು, ಗಂಟಲನ್ನು ನಾಲೆಯ ಆಳಕ್ಕೆ ಇಳಿಸಿದ. ಕಸುಬು ಅಂದರೆ ಕಸುಬು.

"ಮಗಾ... ಕೂತಿವ್ನಿ ಕಣವ್ವ. ಕೇಳುಸ್ಕಂಡೆ." ಎಳೆತ. ಕೆಮ್ಮು. "ನಾನ್ಯಾಕ್ ಬೈಲವ್ವ ನಿನ್ನ? ತೂಬ್ ಗಟ್ಟಿ ಇದ್ರೂವೆ ಒಂದೊಂದ್ ಕಿತ ನೀರ್ ನಿಲ್ಲಕುಲ್ಲ ಮಗ. ಅದ್ಕೆ ತೂಬಿನ್ ತಪ್ಪು ಅನ್ನಕ್ಕಾದದಾ? ನಿನ್ ತಪ್ಪೇನೂ ಇಲ್ಲ. ಅಳಿಯಂದ್ರುದೂ ಇಲ್ಲ. ಅವ್ನು... ಆ ಮುಂಡೇದು... ಒಳ್ಳೇದು ಕಣವ್ವ, ಬಾಯಿ ಜಾಸ್ತಿ, ಅಷ್ಟೇಯ. ಅವುನ್ ಕೈ ಬುಡ್ಬ್ಯಾಡ. ಆ ಮಗೀನ್ ಬೆಳ್ಳು... ಬೆಳ್ಳು ನೀನ್ ನೋಡ್ದಲ್ಲಾ, ನಾನೂ..."

ಅಲ್ಲಿಗೆ ಮಾತು ಮುಗಿಯಿತು. ಮುದುಕ ಅತ್ತ. ಹತ್ತು ಹನ್ನೆರಡು ಸೆಕೆಂಡು ಅತ್ತ.

ಭುವನ್ ಮುಖ ಒರೆಸಿಕೊಂಡು ರೆಕಾರ್ಡನ್ನು ಮತ್ತೆ ಕೇಳಿದ. ಅಳಿಸಿ ಇನ್ನೊಮ್ಮೆ ಮಾಡಬಹುದಿತ್ತು. ರೆಂಬಾವ್ ಬರಲು ಇನ್ನೂ ಹೊತ್ತಿತ್ತು. ಆದರೆ ಕೇಳಿದಾಗ ಅವನಿಗೇ ಮೈ ಜುಂ ಎಂದಿತು. ಇದು ನಟನೆಯೇ ಅಲ್ಲ, ಸಾಕ್ಷಾತ್ ಮಾವ. ನೂರ ಅರವತ್ತೈದು ದಿನದಲ್ಲಿ ಇಂಥ ಟೇಕ್ ಬಂದೇ ಇಲ್ಲ. ಛೇ, ಇಂಥದ್ದನ್ನು ಯಾರಾದರೂ ಅಳಿಸುತ್ತಾರಾ? ನಾಚಿಕೆಯಾಗುವಂಥ ಮಾತು, ಆದರೂ ಹೇಳಬೇಕು: ಅಷ್ಟು ದುಃಖದ ನಡುವೆಯೂ ಅವನಿಗೆ ಸಣ್ಣ ಹೆಮ್ಮೆಯಾಯಿತು. ಕಳಿಸಿದ.

ಹತ್ತು ನಿಮಿಷದಲ್ಲಿ ಜನಾರ್ದನ ಬರೆದ. "ಫ್ಯಾನ್ ಹಾಕ್ಕಂಡ್ ರೆಕಾರ್ಡ್ ಮಾಡಿ ಕಳ್ಸ್ದೆ. ನಂಗೇ ಅಳಾ ಬಂದ್ಬುಡ್ತು. ಅಪ್ಪನೇ ಬಂದಂಗಿತ್ತು."

ಪುಲಾವ್ ಸೆಬಾಂಗ್ ಕೊನೆಯ ಸ್ಟೇಷನ್ನು. ಇಂಚರ ತನ್ನ ಬೋಗಿಯಿಂದಲೇ ಇಳಿದಳು. ಕಣ್ಣು ಊದಿತ್ತು. ಭುವನ್ ಹತ್ತಿರ ಹೋದ.

"ಅಪ್ಪ ಉತ್ತರ ಕೊಟ್ರು," ಎಂದಳು.

"ಏನಂದ್ರು?"

ಅವಳು ಅವನನ್ನು ಒಂದು ಕ್ಷಣ ನೋಡಿದಳು. ಎರಡು ಮಾಸ್ಕಿನ ಮೇಲೆ ಬರೀ ಕಣ್ಣು. "ನಿನ್ ಕೈ ಬಿಡ್ಬೇಡ ಅಂದ್ರು."

"ಮಾವ ಮಾವಾನೇ. ನನ್ನ ಬೆಲೆ ಗೊತ್ತು ಅವ್ರಿಗೆ," ಎಂದ ಭುವನ್. ಮಾತಾಡಿದ ಮೇಲೆ ತನ್ನ ನಾಲಿಗೆಯನ್ನೇ ಕಚ್ಚಿಕೊಳ್ಳಬೇಕೆನಿಸಿತು.

ಅಲ್ಲಿಂದ ಮಲಾಕಕ್ಕೆ ಟ್ಯಾಕ್ಸಿ. ಡ್ರೈವರು ತಮಿಳಿನವರು, ಆರು ತಿಂಗಳಲ್ಲಿ ಮಲಾಕಕ್ಕೆ ಹೋಗುವ ಮೂರನೇ ಗಿರಾಕಿ ನೀವು ಎಂದು ದಾರಿಯುದ್ದಕ್ಕೂ ಹೇಳಿದರು. ಇಂಚರ ಇಯರ್‌ಫೋನು ಹಾಕಿಕೊಂಡೇ ಇದ್ದಳು. ಅದೇ ಒಂದೂಕಾಲು ನಿಮಿಷವನ್ನು ಮತ್ತೆ ಮತ್ತೆ ಕೇಳುತ್ತಿದ್ದಳು. ಬೆರಳು ಪರದೆಯ ಮೇಲೆ ಹಿಂದಕ್ಕೆ ಎಳೆಯುವುದು ಭುವನ್‌ಗೆ ಕಾಣುತ್ತಿತ್ತು.

ಇನ್ನು ಕ್ಲೈಮ್ಯಾಕ್ಸ್. ನದಿಯಲ್ಲಿ ದೋಣಿ ಹೊರಟಿತು. ಎರಡೂ ದಡದಲ್ಲಿ ಬಣ್ಣಬಣ್ಣದ ಗೋಡೆಗಳು, ಸಂಜೆಯ ಬಿಸಿಲು. ದೋಣಿಯ ನಡುವೆ ಭುವನ್ ಎದ್ದು ನಿಂತ. ಎರಡೂ ಮಾಸ್ಕ್ ಕಿತ್ತು ನೀರಿಗೆ ಎಸೆದ. "ಇಂಚು, ನಿಮ್ಮಪ್ಪ ಇಲ್ಲ. ಇಷ್ಟು ದಿನ ನಿಂಗೆ ಅಪ್ಪ ಆಗಿದ್ದೋನು ಈ ಪಾಪಿ. ಹೊಡಿ, ಬೈ, ನೀರಿಗೆ ತಳ್ಳು. ಆದ್ರೆ ನಿನ್ನ ಉಳಿಸ್ಕೊಳ್ಳೋಕೆ ಇನ್ನೂ ಸಾವಿರ ಗಂಟಲು ಬೇಕಾದ್ರೂ ತೆಗೀತೀನಿ!" ಇಂಚರ ಕೆನ್ನೆಗೊಂದು ಬಾರಿಸಿ, ಮರುಕ್ಷಣ ಅವನ ಎದೆಗೆ ಒರಗಿದಳು. ದೋಣಿ ಸೇತುವೆಯ ಕೆಳಗೆ ಸಾಗಿತು.

ಹೇಗಿದೆ? ನಾಲ್ಕು ಜನರ ಮುಂದೆ ಈ ಕಥೆ ಹೇಳುವಾಗಲೆಲ್ಲ ಇಲ್ಲಿಗೇ ನಿಲ್ಲಿಸುತ್ತೇನೆ. ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ, ಗಂಡಸರು ಟೀ ತರಿಸುತ್ತಾರೆ.

ಆದರೆ ಆ ದಿನ ದೋಣಿಯೇ ಇರಲಿಲ್ಲ. ಟಿಕೆಟ್ ಕೊಡುವ ಕಿಟಕಿಗೆ ಬೀಗ ಹಾಕಿತ್ತು. ಸಂಜೆಯೂ ಅಲ್ಲ, ಮಟಮಟ ಮಧ್ಯಾಹ್ನ. ಭುವನ್ ಏನನ್ನೂ ಹೇಳಲಿಲ್ಲ. ಬಾಯಿಪಾಠ ಮಾಡಿದ್ದ ಡೈಲಾಗು ಬಾಯಿಪಾಠವಾಗಿಯೇ ಉಳಿಯಿತು. ಮೊದಲಿಗೇ ಕೊಚ್ಚಿಕೊಂಡೆನಲ್ಲ, ಒಂದು ದಿನವೂ ಸಿಕ್ಕಿಬೀಳಲಿಲ್ಲ ಎಂದು, ಅದು ಸುಳ್ಳು. ನಡೆದದ್ದು ಹೀಗೆ.

ಇಬ್ಬರೂ ನದಿಯ ಅಂಚಿನಲ್ಲೇ ನಡೆದು, ಸಮುದ್ರ ಹತ್ತಿರವಾಗುವ ಕಡೆ ಆ ಗೇಟಿನ ಎದುರು ನಿಂತರು. ಅಂಗಡಿಗಳೆಲ್ಲ ಮುಚ್ಚಿದ್ದವು. ದೂರದಲ್ಲಿ ಒಬ್ಬ ಕಾವಲುಗಾರ, ಮತ್ತೆ ಯಾರೂ ಇಲ್ಲ. ಇಂಚರ ಫೋನು ತೆಗೆದು ಅಪ್ಪನ ನಂಬರಿಗೆ ಮಾತಾಡತೊಡಗಿದಳು.

"ಅಪ್ಪಾ, ಗೇಟ್ ಹತ್ರ ಬಂದೆ. ಕಬ್ಬಿಣದ್ದು. ನಿನ್ನ ತೂಬಿನ ಹಾಗೆ ಕೈಯಲ್ಲಿ ತಿರುಗಿಸೋದಲ್ಲ, ಮೋಟಾರ್ ಇದೆ ಅನ್ಸುತ್ತೆ. ಇಲ್ಲಿಂದ ಮೂರು ಕಾಣ್ತಿದೆ. ಆಚೆ ಕಡೆ ನೀರು ಮೇಲಿದೆ, ಈಚೆ ಕೆಳಗಿದೆ. ಪಾಚಿ ಗುರುತು ನೋಡಿದ್ರೆ ಒಂದಾಳುದ್ದ ಏರುತ್ತೆ, ಇಳಿಯುತ್ತೆ. ಇಷ್ಟೇ ಅಪ್ಪ. ನೋಡ್ಕೊಂಡು ಬಾ ಅಂದಿದ್ದೆಯಲ್ಲ, ನೋಡ್ದೆ."

ಕಳಿಸಿದಳು. ಫೋನನ್ನು ಬ್ಯಾಗಿಗೆ ಹಾಕಿ ಅವನ ಕಡೆ ತಿರುಗಿದಳು.

"ಈಗ ಉತ್ತರ ಕೊಡು."

"ಏನು?"

"ಉತ್ತರ ಕೊಡು ಭುವಿ. ಇಲ್ಲೇ, ನನ್ನ ಎದುರಿಗೇ. ಅಣ್ಣಂಗೆ ಯಾಕೆ ಸುಮ್ನೆ ತೊಂದ್ರೆ?"

ಭುವನ್ ಬಾಯಿ ತೆರೆದ. ಮಾವನ ಧ್ವನಿ ಬರಲಿಲ್ಲ. ಅವನದೂ ಬರಲಿಲ್ಲ.

ನಂಜುಂಡಪ್ಪ ನಗುವುದನ್ನು ಅವನು ಕೇಳಿದ್ದ, ಬೈಯುವುದನ್ನು, ಕೆಮ್ಮುವುದನ್ನು, ನಿದ್ದೆಯಲ್ಲಿ ಗೊರಕೆ ಹೊಡೆಯುವುದನ್ನು ಕೂಡ. ಅಳುವುದನ್ನು ಮಾತ್ರ ಎಂದೂ ಕೇಳಿರಲಿಲ್ಲ. ಹಾಗಾಗಿ ರೈಲಿನಲ್ಲಿ ಅಳು ಬಂದಾಗ ಅದು ಭುವನ್‌ನ ಅಳುವೇ ಆಗಿತ್ತು: ಉಸಿರು ಒಳಗೆ ಎಳೆದು, ಮೂರು ಸಲ ಬಿಕ್ಕಿ, ಕುಂಯ್. ತನ್ನ ಅಳು ಹೇಗಿರುತ್ತದೆಂದು ಅವನಿಗೆ ಹೇಗೆ ಗೊತ್ತಿರಬೇಕು? ಗೋಡೆಗೆ ಒರಗಿ ಕೇಳಿದವಳಿಗೆ ಗೊತ್ತಿತ್ತು. ಅವಳು ಅದೇ ಬೆಳಿಗ್ಗೆ ಬಾಯಿಬಿಟ್ಟು ಹೇಳಿಯೂ ಇದ್ದಳು. ನಮ್ಮ ಮಹಾನ್ ಕಲಾವಿದ ಟೇಕ್ ಓಕೆ ಎಂದುಕೊಂಡಿದ್ದ.

"ಯಾವತ್ತು?" ಎಂದಳು ಇಂಚರ.

"ಮೇ ಒಂಬತ್ತು."

"ಮೇ." ಅವಳು ಗೇಟಿನ ಕಡೆ ನೋಡಿದಳು. "ಹಂಗಾದ್ರೆ ಒಂದ್ಸಲಾನೂ ಅವ್ರಲ್ಲ. ಮೊದಲನೇದೂ ಅಲ್ಲ."

"ನಿಮ್ ಸೋದರತ್ತೆ ಹೇಳ್ಬೇಡ ಅಂದ್ರು. ಬಸುರಿಗೆ..."

"ಯಾರು ಬೆಂಕಿ ಇಟ್ರು?"

"ಆಸ್ಪತ್ರೆಯವ್ರು. ನಿಮ್ಮಣ್ಣ ದೂರದಲ್ಲಿ ನಿಂತಿದ್ರಂತೆ."

"ಕೂಸು ಒದೀತದಾ ಅಂತ ಕೇಳ್ದೆ ನೀನು." ಅವಳ ಧ್ವನಿ ಏರಲಿಲ್ಲ. "ಗೊತ್ತಿದ್ದೂ ಕೇಳ್ದೆ. ನಾನು ಒದೀತದೆ ಅಂದೆ. ನೀನು ಪಕ್ಕದ ರೂಮಲ್ಲಿ ಕೂತ್ಕೊಂಡು ಕೇಳಿಸ್ಕೊಂಡೆ."

ಭುವನ್ ರೊಟ್ಟಿಯ ಪೊಟ್ಟಣವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ.

ಇಂಚರ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದಳು. ಭುವನ್ ಕೈ ಚಾಚಿದ. ಸುದ್ದಿ ಕೇಳಿದವರ ತಲೆಗೆ ಮನೆಯವರು ಯಾರಾದರೂ ನೀರು ಹಾಕುವುದು ವಾಡಿಕೆ. ಅವಳು ಬಾಟಲಿ ಕೊಡಲಿಲ್ಲ. ತಾನೇ ಮುಚ್ಚಳ ತಿರುಗಿಸಿ ನೆತ್ತಿಯ ಮೇಲೆ ಬಗ್ಗಿಸಿದಳು. ಜೀನ್ಸು, ಕುರ್ತಾ, ಮಾಸ್ಕ್ ಎಲ್ಲಾ ತೊಯ್ದವು. ಒಂದು ಲೀಟರ್ ನೀರು ಖಾಲಿಯಾಗಲು ಬಹಳ ಹೊತ್ತು ಹಿಡಿಯುತ್ತದೆ. ಒದ್ದೆ ಮಾಸ್ಕಿನಲ್ಲಿ ಉಸಿರು ಕಟ್ಟಿ ಅವಳು ಅದನ್ನು ಇಳಿಸಿದಾಗ ಕಾವಲುಗಾರ ದೂರದಿಂದಲೇ ಮೂಗು ಮುಚ್ಚಿಕೊಳ್ಳುವಂತೆ ಸನ್ನೆ ಮಾಡಿದ. ಅವಳು ಒದ್ದೆ ಮಾಸ್ಕನ್ನೇ ಮತ್ತೆ ಏರಿಸಿಕೊಂಡಳು.

ವಾಪಸು ಹೋಗುವಾಗ ಟ್ಯಾಕ್ಸಿಯಲ್ಲಿ ಅವಳು ಮುಂದಿನ ಸೀಟಿನಲ್ಲಿ ಕೂತಳು. ಪುಲಾವ್ ಸೆಬಾಂಗಿನಲ್ಲಿ ರೈಲು ಬಂದಾಗ ಗುಲಾಬಿ ಚೀಟಿಯ ಬೋಗಿಗೆ ಹತ್ತಿದಳು. ಭುವನ್ ಪಕ್ಕದ ಬೋಗಿಯ ತುದಿಯಲ್ಲಿ ನಿಂತ. ಅವಳ ಒದ್ದೆ ಕೂದಲು, ಒಂದು ಭುಜ, ಇಷ್ಟು ಕಾಣುತ್ತಿತ್ತು. ಭುಜ ಅಲುಗುತ್ತಿತ್ತೋ, ರೈಲು ಅಲುಗುತ್ತಿತ್ತೋ ತಿಳಿಯಲಿಲ್ಲ. ಕೈಯಲ್ಲಿ ಬೆಳಗಿನ ರೊಟ್ಟಿಯ ಪೊಟ್ಟಣ ಹಾಗೆಯೇ ಇತ್ತು.

ರೆಂಬಾವ್ ದಾಟಿದ ಮೇಲೆ ಅವನ ಫೋನು ಗುಂಯ್ಗುಟ್ಟಿತು. ಜನಾರ್ದನ. ಅವನಿಗಿನ್ನೂ ಏನೂ ಗೊತ್ತಿರಲಿಲ್ಲ.

"ಇಂಚು ಗೇಟಿನ್ ಇಷ್ಯಾ ಕಳ್ಸವ್ಳೆ, ನೋಡು. ಅಪ್ಪ ಏನಂತ ಯೋಳ್ಬೇಕು? ಬಿರ್ನೆ ಕಳ್ಸು, ನಾನ್ ಗದ್ದೆ ತಾವ್ಕೆ ಓಗ್ಬೇಕು."

ಭುವನ್ ಅದನ್ನು ನಿಲಾಯ್ ಬರುವವರೆಗೂ ಹಿಡಿದುಕೊಂಡು ನಿಂತಿದ್ದ. ಉತ್ತರ ಕಳಿಸಲಿಲ್ಲ. ಇವತ್ತಿಗೂ ಕಳಿಸಿಲ್ಲ.